ಮೆಂಬ್ರೇನ್ ಪದೇಪದೇ ಕಟ್ಟಿಕೊಂಡರೆ

ಕೊಂಡಾಪುರದ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳೇ, ಮೆಂಬ್ರೇನ್ ಕಟ್ಟಿಕೊಳ್ಳುತ್ತದೆಂದು ಕೊಳಚೆನೀರು ಶುದ್ಧೀಕರಿಸುವ ಎಂಬಿಆರ್ (ಮೆಂಬ್ರೇನ್ ಬಯೋರಿಯಾಕ್ಟರ್) ಘಟಕವನ್ನು ಕಿತ್ತುಹಾಕಬೇಡಿ. ಗಿಡಗಳಿಗೆ, ಫ್ಲಶ್‌ಗೆ ಒದಗುವಷ್ಟು ತಿಳಿನೀರನ್ನು ಇಷ್ಟು ಕಡಿಮೆ ಜಾಗದಲ್ಲಿ ಕೊಡುವ ವ್ಯವಸ್ಥೆ ಅಪರೂಪ. ಮೂಸಿ ನದಿಯತ್ತ ಹರಿಯುವ ಕೊಳಕೂ ಅಷ್ಟು ತಗ್ಗುತ್ತದೆ.

ಮೊದಲು ಅಡುಗೆಮನೆ ಕೊಳವೆಯ ಜಿಡ್ಡು ತಡೆಯುವ ತೊಟ್ಟಿಯನ್ನು ತೆರೆದು ನೋಡಿ. ಮೆಂಬ್ರೇನಿನ ರಂಧ್ರ ಸಾಮಾನ್ಯವಾಗಿ 0.04ರಿಂದ 0.4 ಮೈಕ್ರಾನ್. ಬ್ಯಾಕ್ಟೀರಿಯಾವನ್ನೇ ತಡೆಯುವ ಆ ಜರಡಿಯನ್ನು ಎಣ್ಣೆ, ಕೂದಲು ಬೇಗ ಕೆಡಿಸುತ್ತವೆ. ಕರೆಂಟ್ ಉಳಿಸಲೆಂದು ರಾತ್ರಿಯಿಡೀ ಬ್ಲೋವರ್ ನಿಲ್ಲಿಸುತ್ತೀರೆಂದು ಬರೆದಿದ್ದೀರಿ. ದಯವಿಟ್ಟು ಆ ಅಭ್ಯಾಸ ಬಿಡಿ: ಗಾಳಿಗುಳ್ಳೆಗಳೇ ಮೆಂಬ್ರೇನನ್ನು ಉಜ್ಜುವುದು, ಜೀವಾಣುಗಳಿಗೆ ಉಸಿರು ಕೊಡುವುದು. ಘಟಕದಿಂದ ದುರ್ವಾಸನೆ ಬರುತ್ತಿದ್ದರೆ ಅದರ ಮೂಲವೂ ಬಹುಶಃ ಅಲ್ಲೇ ಇದೆ.

ಮೆಂಬ್ರೇನ್ ತೊಳೆಯುವಾಗ ಜೈವಿಕ ಲೋಳೆಗೆ ಹೈಪೋಕ್ಲೋರೈಟ್, ಬೋರ್‌ವೆಲ್ ನೀರಿನ ಸುಣ್ಣದ ಪದರಕ್ಕೆ ಸಿಟ್ರಿಕ್ ಆಮ್ಲ ಬಳಸಿ. ನಡುವೆ ಚೆನ್ನಾಗಿ ತೊಳೆಸಿ. ಎರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.