ಅಡುಗೆಮನೆಯ ಕಪಾಟು: ಯಾವ ಡಬ್ಬಿ ಎಲ್ಲಿರಬೇಕು?

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಮೂರು ವರ್ಷದ ಮಗುವನ್ನು ಎತ್ತಿಕೊಂಡು ತಂದೆ ತಾಯಿ ತಿಲಕ್ ನಗರದ ನನ್ನ ಕ್ಲಿನಿಕ್ಕಿಗೆ ಓಡಿ ಬಂದರು. ಮಗು ಬಿಡದೆ ಕೆಮ್ಮುತ್ತಿತ್ತು. ಬಾಯಿಂದ ಪೇಂಟಿನ ವಾಸನೆ ಬರುತ್ತಿತ್ತು. ಕಿಟಕಿಗೆ ಬಣ್ಣ ಬಳಿದ ಮೇಲೆ ಉಳಿದ ಟರ್ಪೆಂಟೈನನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದು, ಕಪಾಟಿನ ಕೆಳಹಲಗೆಯಲ್ಲಿ ಅಡುಗೆ ಎಣ್ಣೆಯ ಪಕ್ಕ ಇಟ್ಟಿದ್ದರು. ಮಗು ಅದನ್ನು ಶರಬತ್ತೆಂದು ತಿಳಿದು ಒಂದು ಗುಟುಕು ಕುಡಿದಿತ್ತು. ಗಾಬರಿಯಾದ ಅಜ್ಜಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದರು. ಹೊಟ್ಟೆಗೆ ಹೋದದ್ದಕ್ಕಿಂತ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿದದ್ದೇ ಹೆಚ್ಚು ತೊಂದರೆ ಕೊಟ್ಟಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಮಗು ಹುಷಾರಾಯಿತು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರುವುದಿಲ್ಲ.

ದಿನಸಿ ಸಾಮಾನು ಜೋಡಿಸಿಡುವುದು ಬರಿಯ ಅಚ್ಚುಕಟ್ಟುತನದ ಮಾತೆಂದು ನಾವು ತಿಳಿದಿದ್ದೇವೆ. ವೈದ್ಯನ ಕಣ್ಣಿಗೆ ಅದು ಆರೋಗ್ಯದ ಮಾತು. ಅಲ್ಲಿ ನೆನಪಿಡಬೇಕಾದವು ಎರಡೇ: ಆಹಾರದ ಹತ್ತಿರ ವಿಷ ಸುಳಿಯಬಾರದು, ಆಹಾರಕ್ಕೆ ತೇವ ತಗಲಬಾರದು.

ವಿಷಕ್ಕೆ ಬೇರೆ ಜಾಗ

ಫಿನಾಯಿಲ್, ಆಸಿಡ್, ಬ್ಲೀಚಿಂಗ್ ಪುಡಿ, ಜಿರಲೆ ಔಷಧಿ, ಇಲಿ ಪಾಷಾಣ, ಸೀಮೆಎಣ್ಣೆ ಇವು ಯಾವುವೂ ಅಡುಗೆಮನೆಯ ಕಪಾಟಿನಲ್ಲಿ ಇರಕೂಡದು. ಅವು ಕೊಂಡುತಂದ ಡಬ್ಬಿಯಲ್ಲಿಯೇ, ಚೀಟಿ ಕೀಳದೆ, ಮಕ್ಕಳ ಕೈಗೆಟುಕದ ಬೇರೆ ಕಡೆ ಬೀಗದೊಳಗೆ ಇರಲಿ. ಓದು ಬಾರದ ಮಗುವಿಗೆ ಬಾಟಲಿಯ ಆಕಾರವೇ ಗುರುತು. ಜ್ಯೂಸಿನ ಬಾಟಲಿಯಲ್ಲಿ ಇದ್ದದ್ದೆಲ್ಲ ಅದಕ್ಕೆ ಜ್ಯೂಸೇ. ಕಣ್ಣಿನ ಪೊರೆ ಬಂದ ಅಜ್ಜಿಯ ಪಾಡೂ ಇದೇ: ಜಿರಲೆಗೆಂದು ತಂದ ಬೋರಿಕ್ ಪುಡಿಗೂ ಅಡುಗೆ ಸೋಡಾಕ್ಕೂ ಅಕ್ಕಿಹಿಟ್ಟಿಗೂ ಬಣ್ಣ ಒಂದೇ.

ಅಕ್ಕಿಗೆ ಹುಳು ಬೀಳುತ್ತದೆಂದು ಕೆಲವರು ಗೋದಾಮಿನ ಗುಳಿಗೆಗಳನ್ನು ಮನೆಗೆ ತರುತ್ತಾರೆ. ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ಆ ಗುಳಿಗೆ ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದವರ ಪ್ರಾಣವನ್ನೇ ಅದು ತೆಗೆಯಬಲ್ಲದು. ಅದಕ್ಕೆ ಪ್ರತಿವಿಷವಿಲ್ಲ. ಪಾದರಸದ ಗುಳಿಗೆಯೂ ಬೇಡ. ಹುಳುವಿಗೆ ಮನೆಮದ್ದು ಸಾಕು: ಬಿಸಿಲಿಗೆ ಹರಡಿ, ಜರಡಿ ಹಿಡಿದು, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ.

ಒಂದು ವೇಳೆ ಮಗು ಇಂಥದ್ದೇನಾದರೂ ಕುಡಿದರೆ ವಾಂತಿ ಮಾಡಿಸಬೇಡಿ. ಉಪ್ಪುನೀರು, ಎಣ್ಣೆ ಕುಡಿಸಬೇಡಿ. ಆ ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ತಕ್ಷಣ ಆಸ್ಪತ್ರೆಗೆ ಹೊರಡಿ. ಏನು ಕುಡಿದಿದೆ ಎಂದು ತಿಳಿದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ. ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಿ.

ತೇವವೇ ಶತ್ರು

ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಸುತ್ತ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ಕಾಳನ್ನು ಮಾತ್ರ ತುಂಬಿ, ಬಾಯಿಯನ್ನು ಭದ್ರವಾಗಿ ಮುಚ್ಚುತ್ತಿದ್ದರು. ಒಣಗಿದ ಕಾಳು, ಬಿಗಿಯಾದ ಮುಚ್ಚಳ: ನಮ್ಮ ಡಬ್ಬಿಗಳಿಗೂ ಇದೇ ಸೂತ್ರ.

ತೇವ ತಗಲಿದ ಕಡಲೆಕಾಯಿ ಬೀಜ, ಕೊಬ್ಬರಿ, ಮೆಕ್ಕೆಜೋಳ, ಒಣಮೆಣಸಿನಕಾಯಿಗೆ ಬೂಷ್ಟು ಹಿಡಿಯುತ್ತದೆ. ಕೆಲವು ಜಾತಿಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಅದು ಯಕೃತ್ತನ್ನು ಕೆಡಿಸುತ್ತದೆ. ಬಹುಕಾಲ ಸ್ವಲ್ಪ ಸ್ವಲ್ಪವೇ ಹೊಟ್ಟೆಗೆ ಹೋದರೆ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗಬಲ್ಲದು. 1974ರಲ್ಲಿ ರಾಜಸ್ತಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. 1995ರಲ್ಲಿ ನಮ್ಮ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿಯೂ ಮಳೆಗೆ ಸಿಕ್ಕ ಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಶುರುವಾಯಿತು. ಅಲ್ಲಿ ಫ್ಯುಮೊನಿಸಿನ್ ಎಂಬ ಇನ್ನೊಂದು ಬೂಷ್ಟು ವಿಷ ಪತ್ತೆಯಾಯಿತು.

ಒಲೆಯ ಬಿಸಿಗೆ ಈ ವಿಷಗಳು ಪೂರ್ತಿ ನಾಶವಾಗುವುದಿಲ್ಲ. ಆದ್ದರಿಂದ ಬೂಷ್ಟು ಒರೆಸಿ, ಹುರಿದು ಬಳಸುವುದು ಉಳಿತಾಯವಲ್ಲ. ಕಹಿಯಾದ ಅಥವಾ ಮುಗ್ಗಿದ ಕಡಲೆಕಾಯಿ ಬೀಜವನ್ನು ಚಟ್ನಿಪುಡಿಗೆ ಸೇರಿಸಬೇಡಿ, ಎಸೆದುಬಿಡಿ.

ಯಾವುದಕ್ಕೆ ಯಾವ ಡಬ್ಬಿ?

ಸ್ಟೀಲ್ ಒಳ್ಳೆಯದೋ ಪ್ಲಾಸ್ಟಿಕ್ ಒಳ್ಳೆಯದೋ ಎಂದು ಅನೇಕರು ಕೇಳುತ್ತಾರೆ. ಅಕ್ಕಿ, ಬೇಳೆ, ಹಿಟ್ಟು, ಸಕ್ಕರೆಗೆ ಸ್ಟೀಲ್ ಡಬ್ಬಿಯೇ ಉತ್ತಮ. ಇಲಿ ಕಡಿಯದು, ವಾಸನೆ ಹಿಡಿಯದು. ಉಪ್ಪಿನಕಾಯಿ, ಹುಣಸೆಹಣ್ಣಿಗೆ ಗಾಜಿನ ಬಾಟಲಿ ಅಥವಾ ಪಿಂಗಾಣಿ ಜಾಡಿ ಬಳಸಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಲೋಹ ಕರಗಿ ವಾಂತಿಯಾಗುತ್ತದೆ. ಅಲ್ಯೂಮಿನಿಯಮ್ಮೂ ಹುಳಿ, ಉಪ್ಪಿಗೆ ಸಲ್ಲದು.

ಪ್ಲಾಸ್ಟಿಕ್ ಡಬ್ಬಿ ಕೊಳ್ಳುವಾಗ ಆಹಾರಕ್ಕೆಂದೇ ತಯಾರಾದದ್ದೇ ಎಂದು ನೋಡಿ. ತಳದ ತ್ರಿಕೋನದಲ್ಲಿ 2 ಅಥವಾ 5 ಎಂಬ ಅಂಕೆ ಇದ್ದರೆ ಒಣ ಪದಾರ್ಥಕ್ಕೆ ಸಾಕು. ಬಿಸಿ ಸಾರು, ಕಾದ ಎಣ್ಣೆಯನ್ನು ಅದರಲ್ಲಿ ಹಾಕಬೇಡಿ. ಗೀರು ಬಿದ್ದದ್ದು, ಜಿಗುಟಾದದ್ದು, ತೊಳೆದರೂ ವಾಸನೆ ಹೋಗದ್ದು ಮನೆಯಲ್ಲಿ ಬೇಡ. ಪೇಂಟಿನ ಬಕೆಟ್ಟು ಎಷ್ಟು ತೊಳೆದರೂ ಅಕ್ಕಿ ಡಬ್ಬಿಯಾಗದು.

ಪತ್ರಿಕೆಯಲ್ಲಿ ಕುಳಿತು ಪತ್ರಿಕೆಯ ಬಗ್ಗೆಯೇ ಒಂದು ಮಾತು. ಓದಿದ ಹಾಳೆಯನ್ನು ಡಬ್ಬಿಯ ಕೆಳಗೆ ಹಾಸಿ, ಆದರೆ ಬೋಂಡ, ಚಪಾತಿ ಸುತ್ತಬೇಡಿ. ಮುದ್ರಣದ ಶಾಯಿ ಆಹಾರಕ್ಕೆ ಸೇರುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ನಿಯಮಗಳಲ್ಲಿ ಇದನ್ನು ನಿಷೇಧಿಸಿದೆ.

ಜೋಡಿಸುವ ಕ್ರಮ

* ಅಕ್ಕಿ, ರಾಗಿ ಮೂಟೆಯನ್ನು ನೆಲಕ್ಕೆ ಇಡಬೇಡಿ. ಮಣೆಯ ಮೇಲಿಟ್ಟು ಗೋಡೆಯಿಂದ ಒಂದು ಗೇಣು ದೂರವಿಡಿ. ಮಳೆಗಾಲದಲ್ಲಿ ಗೋಡೆಯ ತೇವ ನೇರವಾಗಿ ಚೀಲಕ್ಕೆ ಏರುತ್ತದೆ. ಮೂಟೆಯ ಸಂದಿಯಲ್ಲಿಯೇ ಇಲಿ ಮನೆ ಮಾಡುವುದು.
* ಒಲೆಯ ಮೇಲಿನ ಹಲಗೆ ಎಣ್ಣೆಗೂ ಉಪ್ಪಿಗೂ ಔಷಧಿಗೂ ಸರಿಯಾದ ಜಾಗವಲ್ಲ. ಬಿಸಿಗೆ ಎಣ್ಣೆ ಕಮಟಾಗುತ್ತದೆ. ಬಿಸಿ, ಬಿಸಿಲು, ತೇವ ಮೂರಕ್ಕೂ ಉಪ್ಪಿನ ಅಯೋಡಿನ್ ಕಡಿಮೆಯಾಗುತ್ತದೆ. ಉಪ್ಪಿಗೆ ಮುಚ್ಚಳ ತಪ್ಪದಿರಲಿ.
* ಹಳೆಯ ಬೇಳೆಯ ಮೇಲೆ ಹೊಸದನ್ನು ಸುರಿಯಬೇಡಿ. ಹಳೆಯದನ್ನು ಮುಗಿಸಿ, ಡಬ್ಬಿ ತೊಳೆದು, ಬಿಸಿಲಿಗೆ ಒಣಗಿಸಿ, ಆಮೇಲೆ ತುಂಬಿ. ಹೊಸ ಪೊಟ್ಟಣ ಹಿಂದೆ, ಹಳೆಯದು ಮುಂದೆ ಇರಲಿ.
* ಹಿಟ್ಟು, ಪುಡಿಗಳನ್ನು ತಿಂಗಳಿಗೆ ಸಾಕಾಗುವಷ್ಟೇ ಮಾಡಿಸಿ. ಒದ್ದೆ ಚಮಚ ಹಾಕಬೇಡಿ.
* ಪ್ರತಿ ಡಬ್ಬಿಗೂ ದಪ್ಪ ಅಕ್ಷರದಲ್ಲಿ ಹೆಸರು, ತುಂಬಿದ ತಾರೀಕು ಬರೆದು ಅಂಟಿಸಿ. ಅಡುಗೆಗೆ ನೆರವಾಗುವವರಿಗೆ ಓದು ಬಾರದಿದ್ದರೆ ಗಾಜಿನ ಡಬ್ಬಿ ಮೇಲು. ಒಳಗಿರುವುದು ಕಣ್ಣಿಗೆ ಕಾಣುತ್ತದೆ.

ಇದಕ್ಕೆ ದೊಡ್ಡ ಅಡುಗೆಮನೆಯೇನೂ ಬೇಕಿಲ್ಲ, ದುಬಾರಿ ಡಬ್ಬಿಗಳೂ ಬೇಕಿಲ್ಲ. ಒಂದೇ ಕೋಣೆಯ ಮನೆಯಾದರೂ ವಿಷದ ಬಾಟಲಿಗೆ ಮೇಲೊಂದು ಮೂಲೆ ಸಿಗುತ್ತದೆ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಮನೆಮಂದಿಯೆಲ್ಲ ಕಪಾಟಿನ ಮುಂದೆ ಕೂತುಕೊಳ್ಳಿ. ಮೊದಲು ಕೆಳಹಲಗೆ ನೋಡಿ, ಮಗುವಿನ ಕೈ ಮೊದಲು ತಲುಪುವುದು ಅಲ್ಲಿಗೇ. ಹೆಸರಿಲ್ಲದ ಬಾಟಲಿ ಒಂದಾದರೂ ಸಿಕ್ಕರೆ ಮೂಸಿ, ರುಚಿ ನೋಡಿ ಪರೀಕ್ಷಿಸಲು ಹೋಗಬೇಡಿ. ಅಂದೇ ಅದನ್ನು ಮನೆಯಿಂದ ಆಚೆ ಹಾಕಿ.