ದನದ ಕೊಟ್ಟಿಗೆಯಲ್ಲಿ ಕುದುರೆ

ಬೀಚನಹಳ್ಳಿ ಸುತ್ತಮುತ್ತ ದನ ಕಟ್ಟದ ಮನೆ ಕಡಿಮೆ. ಮೈಸೂರಿನಲ್ಲಿ ಟಾಂಗಾ ಎಳೆದು ಸೋತಿದ್ದ ಹೆಣ್ಣುಕುದುರೆಯೊಂದನ್ನು ತಂದು ಕಟ್ಟಿದಾಗ ನನಗೆ ಸಲಹೆಗೇನೂ ಬರ ಇರಲಿಲ್ಲ. ಆದರೆ ಎಲ್ಲವೂ ಹಸುವಿನ ಸಲಹೆ, ನನಗೆ ಗೊತ್ತಿದ್ದದ್ದೂ ಅಷ್ಟೇ. ಪದೇ ಪದೇ ಹೊಟ್ಟೆನೋವು ಬರುತ್ತಿದ್ದ ಆ ಕುದುರೆಯನ್ನು ಉಳಿಸಿದವರು ಡಾಕ್ಟರು. ಕೆಡಿಸಿದ ಲೆಕ್ಕ ನನ್ನದು.

1. ಮೆಲುಕು ಹಾಕದ ಪ್ರಾಣಿಗೆ ಒಂದೇ ಸಲ ಸುರಿಯಬೇಡಿ

ಹಾಲು ಕರೆಯುವ ಹೊತ್ತಿಗೆ ಹಸುವಿಗೆ ಇಡುವಂತೆ ಬೆಳಿಗ್ಗೆ, ಸಂಜೆ ಬಕೆಟ್ ತುಂಬ ಬೂಸ, ತೌಡು, ಬೇಯಿಸಿದ ಹುರುಳಿ ಇಡುತ್ತಿದ್ದೆ. ಕುದುರೆಯ ಜಠರ ಹಿಡಿಯುವುದು ಹೆಚ್ಚೆಂದರೆ 15 ಲೀಟರು. ವಾಂತಿ ಮಾಡಲೂ ಅದಕ್ಕೆ ಬರುವುದಿಲ್ಲ. ಅರಗದ ಕಾಳು ಹಿಂದಿನ ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತದೆ. ಗ್ಯಾಸು ಕಟ್ಟುತ್ತದೆ, ಕೆಲವೊಮ್ಮೆ ಗೊರಸೂ ಕೆಡುತ್ತದೆ. ಈಗ ಮೊದಲು ಹುಲ್ಲು, ಆಮೇಲೆ ಕಾಳು, ಅದೂ ಸ್ವಲ್ಪ ಸ್ವಲ್ಪವಾಗಿ. 300 ಕಿಲೋ ತೂಗುವ ಕುದುರೆಗೆ ದಿನಕ್ಕೆ ಐದಾರು ಕಿಲೋ ಒಣಹುಲ್ಲು ಬೇಕು. ತೌಡು ಬಿಟ್ಟೇಬಿಟ್ಟೆ. ಅದರಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಡಿಮೆ. ದಿನಾ ತಿಂದರೆ ಮೂಳೆ ಸವೆದು ಮುಖವೇ ಊದಿಕೊಳ್ಳುತ್ತದೆ. ಹುರುಳಿ ಈಗಲೂ ಬೇಯುತ್ತದೆ, ಅಳತೆ ಇಳಿದಿದೆ. ಕಟ್ಟು ನಮ್ಮ ಸಾರಿಗೆ.

2. ಹುಲ್ಲನ್ನು ರಾತ್ರೋರಾತ್ರಿ ಬದಲಿಸಬೇಡಿ

ರಾಗಿಹುಲ್ಲಿನ ಮೆದೆ ಮುಗಿಯಿತೆಂದು ಮರುದಿನದಿಂದಲೇ ಬರೀ ಭತ್ತದ ಹುಲ್ಲು ಹಾಕಿದೆ. ಲದ್ದಿ ಗಟ್ಟಿ ಉಂಡೆಯಾಯಿತು, ಆಮೇಲೆ ನಿಂತೇಹೋಯಿತು. ಹೊಸದನ್ನು ಹಳೆಯದರ ಜೊತೆ ಬೆರೆಸುತ್ತಾ ವಾರ, ಹತ್ತು ದಿನ ತೆಗೆದುಕೊಳ್ಳಬೇಕಂತೆ. ಬೂಷ್ಟು ಹಿಡಿದ ಮುಸುಕಿನ ಜೋಳವನ್ನಂತೂ ಕೊಡವಿಯೂ ಹಾಕಬಾರದು. ಅದರ ವಿಷ ಕುದುರೆಯ ಮೆದುಳಿಗೇ ಏರುತ್ತದೆ.

3. ಗೊಟ್ಟ ಎತ್ತಬೇಡಿ

ಇದನ್ನು ಬರೆಯಲು ಈಗಲೂ ನಾಚಿಕೆ. ಒಂದು ರಾತ್ರಿ ಅದು ನೆಲ ಕೆರೆಯುತ್ತಾ, ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತಾ, ಮಲಗಿ ಹೊರಳಾಡತೊಡಗಿತು. ಪಕ್ಕದ ಮನೆಯ ಹಿರಿಯರು, "ಹರಳೆಣ್ಣೆ ಕುಡ್ಸು ಕಣಪ್ಪ, ಸರಿಹೋಯ್ತದೆ" ಎಂದರು. ಅವರ ಎತ್ತುಗಳಿಗೆ ಸರಿಹೋಗಿತ್ತು. ಇಬ್ಬರು ತಲೆ ಎತ್ತಿ ಹಿಡಿದರು, ನಾನು ಗೊಟ್ಟದಲ್ಲಿ ಎಣ್ಣೆ ಬಿಟ್ಟೆ. ಒಂದು ಗುಟುಕು ಇಳಿಯಿತೋ ಇಲ್ಲವೋ, ಕೆಮ್ಮು ಬಂತು, ಮೂಗಿನಿಂದ ಎಣ್ಣೆ ಸುರಿಯಿತು. ಬೆಳಿಗ್ಗೆ ಬಂದ ಡಾಕ್ಟರು ಹೊಟ್ಟೆಗಿಂತ ಮೊದಲು ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಎಣ್ಣೆ ಶ್ವಾಸಕೋಶಕ್ಕೆ ಇಳಿದಿತ್ತು. ಹೊಟ್ಟೆನೋವು ಎರಡು ದಿನಕ್ಕೆ ಹೋಯಿತು, ಕೆಮ್ಮು ತಿಂಗಳುಗಟ್ಟಲೆ ಉಳಿಯಿತು. ಎಣ್ಣೆ ಬೇಕೆನಿಸಿದರೆ ಮೂಗಿನಿಂದ ಜಠರಕ್ಕೆ ನಳಿಗೆ ಹಾಕಿ ಅವರೇ ಬಿಡುತ್ತಾರೆ. ನಮ್ಮ ಕೆಲಸ ಇಷ್ಟು: ಮೇವು ತೆಗೆದಿಡುವುದು, ಫೋನ್ ಮಾಡುವುದು, ಹೊರಳಲು ಹೊರಟರೆ ನಿಧಾನ ನಡೆಸುವುದು, ಕೊನೆಯ ಲದ್ದಿ ಯಾವಾಗ ಬಿತ್ತು, ವಸಡಿನ ಬಣ್ಣ ಹೇಗಿದೆ ಎಂದು ಹೇಳುವುದು. ಪಕ್ಕೆಗೆ ಕಿವಿ ಇಟ್ಟಾಗ ಗುಳುಗುಳು ಸದ್ದು ಕೇಳಿದರೆ ಸ್ವಲ್ಪ ಧೈರ್ಯ. ಏನೂ ಕೇಳದಿದ್ದರೆ ಕಾಯುವ ಹಾಗಿಲ್ಲ.

4. ಲದ್ದಿಯನ್ನು ನೀರಿನಲ್ಲಿ ಕದಡಿ ನೋಡಿ

ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ದಡದಲ್ಲಿ ಎಳೆಹುಲ್ಲು ಚಿಗುರುತ್ತದೆ. ಕಾಡಾನೆಗಳೂ ಅದಕ್ಕೇ ಬರುತ್ತವೆ. ಪುಕ್ಕಟೆ ಮೇವೆಂದು ನಾನೂ ಬಿಟ್ಟೆ. ಕುದುರೆ ಬುಡಕ್ಕೇ ಕಚ್ಚುತ್ತದೆ, ಬೇರಿನೊಂದಿಗೆ ಮರಳೂ ಒಳಹೋಗುತ್ತದೆ. ಲದ್ದಿಯನ್ನು ಬಕೆಟ್ ನೀರಿನಲ್ಲಿ ಕದಡಿ ಬಗ್ಗಿಸಿದಾಗ ತಳದಲ್ಲಿ ಹಿಡಿ ಮರಳಿತ್ತು. ಡಾಕ್ಟರು ಇಸಬ್‌ಗೋಲು ಬರೆದುಕೊಟ್ಟರು, ತಿಂಗಳಲ್ಲಿ ಒಂದು ವಾರ ಮಾತ್ರ. ವರ್ಷವಿಡೀ ಕೊಟ್ಟರೆ ಕರುಳು ಅದನ್ನೂ ಅರಗಿಸಲು ಕಲಿಯುತ್ತದಂತೆ.

5. ಡಬ್ಬಿ ಕೊಳ್ಳುವ ಮೊದಲು ಬಾಯಿ ತೆರೆಸಿ

ಹಸುವಿನ ಟಾನಿಕ್ಕು, ಪುಡಿ ಎಲ್ಲ ಹಾಕಿದೆ. ದನ, ಕೋಳಿಯ ಕೆಲವು ಆಹಾರಗಳಲ್ಲಿ ಮೊನೆನ್ಸಿನ್ ಇರುತ್ತದೆ, ಅದು ಕುದುರೆಯ ಹೃದಯಕ್ಕೆ ವಿಷ ಎಂದು ಆಮೇಲೆ ತಿಳಿದು ಬೆವರಿದೆ. ಇಷ್ಟಾದರೂ ಅಗಿದ ಹುಲ್ಲಿನ ಮುದ್ದೆಗಳು ಗೋದಲಿಯ ಬುಡದಲ್ಲಿ ಬೀಳುತ್ತಲೇ ಇದ್ದವು. ನಾನು ಅವನ್ನು ಗುಡಿಸಿ ತಿಪ್ಪೆಗೆ ಹಾಕುತ್ತಲೇ ಇದ್ದೆ. ಅದೇ ರೋಗದ ಗುರುತಾಗಿತ್ತು: ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಕುಡುಗೋಲಿನಂತೆ ಚೂಪಾಗಿ ಕೆನ್ನೆ ಕೊಯ್ಯುತ್ತಿತ್ತು. ಅರ ಹಾಕಿ ಉಜ್ಜಿಸಿದ ಮೇಲೆ ಮುದ್ದೆ ಬೀಳುವುದು ನಿಂತಿತು. ಈಗ ವರ್ಷಕ್ಕೊಮ್ಮೆ ಬಾಯಿ ತೋರಿಸುತ್ತೇನೆ. ಡಬ್ಬಿಗಳ ಸಾಲಿನಲ್ಲಿ ಉಳಿದಿರುವುದು ಡಾಕ್ಟರು ಹೇಳಿದ ಖನಿಜ ಮಿಶ್ರಣ ಮತ್ತು ಅಡುಗೆ ಉಪ್ಪು, ದಿನಕ್ಕೆ ಎರಡು ಚಮಚ.