ಮಾತ್ರೆ ಮಿತಿಮೀರಿದಾಗ ಡಯಾಲಿಸಿಸ್: ಒಂದೇ ಸುತ್ತಿಗೆ ಮುಗಿಯದ ಚಿಕಿತ್ಸೆ

ಮಾತ್ರೆಗಳನ್ನು ಮಿತಿಮೀರಿ ನುಂಗಿದವರ ಮೈಯೊಳಗಿನ ವಿಷವನ್ನೆಲ್ಲ ಡಯಾಲಿಸಿಸ್ ತೊಳೆದುಬಿಡುತ್ತದೆ ಎಂಬ ನಂಬಿಕೆಯಿಂದ ಮನೆಯವರು ಅದಕ್ಕಾಗಿ ಪಟ್ಟು ಹಿಡಿಯುವುದೂ, ಒಂದು ಸುತ್ತು ಮುಗಿದೊಡನೆ ಮನೆಗೆ ಹೊರಡುವುದೂ ಉಂಟು, ಎರಡೂ ಅಪಾಯಕಾರಿ. ಯಂತ್ರದ ತೆಳುಪೊರೆಯನ್ನು ರಕ್ತದಲ್ಲಿ ಬಿಡಿಯಾಗಿ ಕರಗಿರುವ ಸಣ್ಣ ಅಣುಗಳಷ್ಟೇ ಸುಲಭವಾಗಿ ದಾಟುವುದರಿಂದ ಲಿಥಿಯಂ, ಮೆಥನಾಲ್, ಆಸ್ಪಿರಿನ್‌ನಿಂದಾಗುವ ಸ್ಯಾಲಿಸಿಲೇಟ್ ಮುಂತಾದವು ಹೊರಬರುತ್ತವೆ. ರಕ್ತದ ಪ್ರೋಟೀನಿಗೆ ಅಂಟಿಕೊಂಡು ಅಂಗಾಂಶಗಳಲ್ಲಿ ಹರಡಿಕೊಳ್ಳುವ ಅಮಿಟ್ರಿಪ್ಟಿಲಿನ್‌ನಂಥವು ಹೊರಬರುವುದಿಲ್ಲ. ಪ್ಯಾರಾಸಿಟಮಾಲ್‌ಗೆ ಸಾಮಾನ್ಯವಾಗಿ ಬೇಕಾದದ್ದು ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವೇ ಹೊರತು ಯಂತ್ರವಲ್ಲ.

ಮೊದಲ ಕೆಲಸ 108ಕ್ಕೆ ಕರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸದೆ, ಲಕ್ಷಣ ಕಾಣಲೆಂದು ಕಾಯದೆ, ಖಾಲಿ ಸ್ಟ್ರಿಪ್‌ಗಳನ್ನೂ ಹಳೆಯ ಚೀಟಿಗಳನ್ನೂ ಜೊತೆಗೊಯ್ದು, ನುಂಗಿದ ಹೊತ್ತು ಮತ್ತು ಕಿಡ್ನಿ ತೊಂದರೆ ಇದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಡಯಾಲಿಸಿಸ್ ಬೇಕೆಂದು ತೀರ್ಮಾನವಾದರೆ ಕತ್ತಿನ ಅಥವಾ ತೊಡೆಸಂದಿನ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿ ಹಲವು ಗಂಟೆ ರಕ್ತ ಶೋಧಿಸಲಾಗುತ್ತದೆ.

ಹೆಚ್ಚಿನ ಎಚ್ಚರ ಬೇಕಾಗುವುದು ಇದರ ನಂತರವೇ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಇದಕ್ಕೆ ಸ್ಪಷ್ಟ ನಿದರ್ಶನ: ಅದನ್ನು ಬಹುಕಾಲದಿಂದ ಸೇವಿಸುತ್ತಿರುವವರ ಜೀವಕೋಶಗಳಲ್ಲಿ ಔಷಧಿ ಮೊದಲೇ ತುಂಬಿಕೊಂಡಿರುವುದರಿಂದ, ಯಂತ್ರ ರಕ್ತವನ್ನು ಶುದ್ಧಗೊಳಿಸಿ ನಿಂತ ಮೇಲೆ ಕೋಶಗಳಲ್ಲಿರುವುದು ಮೆಲ್ಲನೆ ರಕ್ತಕ್ಕೆ ಮರಳಿ, ಇಳಿದಿದ್ದ ಪ್ರಮಾಣ ಮತ್ತೆ ಏರುತ್ತದೆ. ಹೀಗಾಗಿ ಪ್ರಮಾಣ ಲೀಟರಿಗೆ 1 ಮಿಲಿಮೋಲ್‌ಗಿಂತ ಕೆಳಗಿಳಿದರೂ ಮುಂದಿನ 12 ಗಂಟೆಗಳಲ್ಲಿ ಮತ್ತೆ ಮತ್ತೆ ರಕ್ತ ಪರೀಕ್ಷಿಸಿ, ಏರಿದರೆ ಇನ್ನೊಂದು ಸುತ್ತು ನಡೆಸಬೇಕಾಗುತ್ತದೆ. ಈ ಮರುಪರೀಕ್ಷೆಯನ್ನು ಆಸ್ಪತ್ರೆಯವರು ಬಿಲ್ ಬೆಳೆಸಲು ಹೂಡಿದ ಉಪಾಯವೆಂದು ಶಂಕಿಸುವುದು ಸರಿಯಲ್ಲ. ಅದನ್ನು ಕೈಬಿಡುವುದೇ ದೊಡ್ಡ ತಪ್ಪು. ಪ್ರಮಾಣ ಇಳಿದರೂ ಮೆದುಳಿನಿಂದ ಲಿಥಿಯಂ ನಿಧಾನವಾಗಿ ಹೊರಬರುವುದರಿಂದ ಮಂಪರು, ಕೈನಡುಕ ಕೆಲಕಾಲ ಉಳಿಯಬಹುದು. ರಕ್ತದ ಮಾದರಿಯನ್ನು ಲಿಥಿಯಂ ಹೆಪಾರಿನ್ ಲೇಪಿಸಿದ ನಳಿಕೆಯಲ್ಲಿ ತೆಗೆದರೆ ಆ ಲೇಪದ ಲಿಥಿಯಂ ಸೇರಿ ಅಂಕಿ ಸುಳ್ಳಾಗಿ ಏರುತ್ತದೆಯಾದ್ದರಿಂದ, ಅನುಮಾನ ಬಂದಲ್ಲಿ ಆ ಬಗ್ಗೆ ವಿಚಾರಿಸುವ ಹಕ್ಕು ಮನೆಯವರಿಗಿದೆ.

ಲಿಥಿಯಂ ಸೇವಿಸುವವರು ಮನೆಗೆ ಮರಳಿದ ಮೇಲೆ ವಾಂತಿಭೇದಿಯಾದಾಗಲೂ, ಇಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗುವ ಮುನ್ನವೂ ವೈದ್ಯರನ್ನು ಕೇಳಬೇಕು. ಬೇಕೆಂದೇ ನುಂಗಿದ್ದರೆ ಮನೋವೈದ್ಯರ ಭೇಟಿಯಾಗದೆ ಬಿಡುಗಡೆ ಬೇಡ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ.